ಕೆರೆ ಏರಿಯ ಮೇಲೆ ಸೈಕಲ್ ಸವಾರಿ
(ಗ್ರಾಮಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮೂರ ಕೆರೆ ಏರಿ ಯಾರೊಬ್ಬರ ದಾರಿಯೂ ಅಲ್ಲ. ಬೆಳಗಾದರೆ ಅದರ ಮೇಲೆ ದನ ಹೋಗಬೇಕು, ಹುಲ್ಲುಹೊರೆ ಹೊತ್ತ ಹೆಂಗಸರು ಬರಬೇಕು, ಡೇರಿಗೆ ಹಾಲು ಒಯ್ಯುವವರ ಸೈಕಲ್ಲೂ ಅಲ್ಲೇ ಓಡಬೇಕು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಹಳ್ಳಿಯ ದಾರಿಗಳಲ್ಲಿ ಸೈಕಲ್‌ಗಳು ಹೆಚ್ಚಿದವು. ಇದು ಸಂತೋಷದ ಸಂಗತಿ. ಆದರೆ ಏರಿ ಮಾತ್ರ ಅಗಲವಾಗಲಿಲ್ಲ.

"ಸೈಕಲ್ಲೇನು ಲಾರಿಯೇ? ಅದರಿಂದ ಯಾರಿಗೆ ಏನಾದೀತು?" ಎಂದು ನೀವು ಕೇಳಬಹುದು. ಲೆಕ್ಕ ನೋಡಿ. ಗಂಟೆಗೆ 20 ಕಿಲೋಮೀಟರ್ ವೇಗದ ಸೈಕಲ್ ಸೆಕೆಂಡಿಗೆ ಐದೂವರೆ ಮೀಟರ್ ಓಡುತ್ತದೆ. ಎದುರಿಗೆ ಮಗು ಬಂದದ್ದನ್ನು ಕಂಡು ಬ್ರೇಕು ಹಿಡಿಯುವುದರೊಳಗೇ ಆ ಒಂದು ಸೆಕೆಂಡು ಕಳೆದಿರುತ್ತದೆ. ಹಿಡಿದ ಮೇಲೆ ನಿಲ್ಲಲು ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. ಒಟ್ಟು ಸುಮಾರು ಹದಿನೈದು ಹೆಜ್ಜೆ. ವೇಗವನ್ನು 10 ಕಿಲೋಮೀಟರಿಗೆ ಇಳಿಸಿದರೆ ಐದಾರು ಹೆಜ್ಜೆಯಲ್ಲಿ ನಿಲ್ಲಬಹುದು. ಮಳೆಯಲ್ಲಿ ರಿಮ್ಮು ನೆನೆದಾಗ, ಹಿಂದೆ ಹಾಲಿನ ಕ್ಯಾನು ಇದ್ದಾಗ, ಇನ್ನೂ ಹೆಚ್ಚು ದೂರ ಬೇಕು.

ಹೊರೆ ಹೊತ್ತ ಅಜ್ಜಿಯನ್ನು ನೆನೆಯಿರಿ. ಆಕೆ ಕತ್ತು ತಿರುಗಿಸಲಾರಳು. ಹುಲ್ಲು ಕಿವಿಯ ಮೇಲೆ ಇಳಿಬಿದ್ದಿರುತ್ತದೆ. ಬೆನ್ನ ಹಿಂದೆಯೇ ಬಂದು ಬೆಲ್ ಬಾರಿಸಿದರೆ ಬೆಚ್ಚಿಬಿದ್ದು ಯಾವ ಕಡೆಗೆ ಸರಿಯುವಳೋ ಆಕೆಗೇ ತಿಳಿಯದು. ಮುಪ್ಪಿನಲ್ಲಿ ಸೊಂಟದ ಮೂಳೆ ಮುರಿದವರು ಮತ್ತೆ ಎದ್ದು ನಡೆಯುವುದು ಎಷ್ಟು ಕಷ್ಟವೆಂದು ನಿಮಗೆ ಹೇಳಬೇಕಾಗಿಲ್ಲ. ಸವಾರನಿಗಾದರೂ ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು.

ಆದುದರಿಂದ ಈ ನಾಲ್ಕು ಮಾತುಗಳನ್ನು ನಡೆಸಿಕೊಡಿ:

1. ಜನ ಕಂಡೊಡನೆ, ಇಪ್ಪತ್ತು ಹೆಜ್ಜೆ ದೂರದಿಂದಲೇ ಬೆಲ್ ಮಾಡಿ, ವೇಗ ಇಳಿಸಿ. "ಅಜ್ಜಿ, ಬಲಗಡೆಯಿಂದ ಬರುತ್ತೇನೆ" ಎಂದು ಬಾಯಲ್ಲೂ ಹೇಳಿ.
2. ದನಗಳು ಎದುರಾದರೆ ಬೆಲ್ ಬೇಡ, ಅವು ಬೆದರುತ್ತವೆ. ಇಳಿದು ತಳ್ಳಿಕೊಂಡು ಹೋಗಿ.
3. ಎರಡು ಬ್ರೇಕೂ ಹಿಡಿಯುತ್ತವೆಯೇ ಎಂದು ದಿನವೂ ನೋಡಿ. ಕತ್ತಲಲ್ಲಿ ದೀಪವಿಲ್ಲದೆ ಹೊರಡಬೇಡಿ.
4. ನಡೆಯುವವರು ಏರಿಯ ತುಂಬ ಸಾಲಾಗಿ ಹೋಗದೆ ಒಂದು ಪಕ್ಕದಲ್ಲಿ ನಡೆಯಿರಿ. ದನಗಳನ್ನೂ ಹಾಗೆಯೇ ಹೊಡೆಯಿರಿ.

ಕೊನೆಗೆ ಇನ್ನೊಂದು ಲೆಕ್ಕ. ಒಂದು ಕಿಲೋಮೀಟರ್ ಏರಿಯನ್ನು 20ರ ವೇಗದಲ್ಲಿ ದಾಟಲು ಮೂರು ನಿಮಿಷ, 10ರ ವೇಗದಲ್ಲಿ ಆರು ನಿಮಿಷ. ಆತುರದಿಂದ ಉಳಿಯುವುದು ಮೂರೇ ನಿಮಿಷ. ಡೇರಿಗೆ ಹೊತ್ತಾಗುವುದಾದರೆ ಮನೆಯಿಂದ ಮೂರು ನಿಮಿಷ ಮೊದಲೇ ಹೊರಡಿ. ಅಷ್ಟರಿಂದ ಒಂದು ಮನೆಯ ಹಿರಿಯ ಜೀವ ಉಳಿದೀತು.