ಪಾಠಶಾಲೆಯ ಪುಸ್ತಕಭಂಡಾರವೂ ಯಂತ್ರಸಾಧನಗಳೂ
(ಹೊಸಹಳ್ಳಿಯಲ್ಲಿ ಮಾಡಿದ ಉಪನ್ಯಾಸ)



ಈ ಮಹೋತ್ಸವದ ಸಂದರ್ಭದಲ್ಲಿ ಶಾಲೆಗಳ ಪುಸ್ತಕಭಂಡಾರವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿರುವುದು. ಪುಸ್ತಕಗಳನ್ನೂ ಗಣಕಯಂತ್ರಗಳನ್ನೂ ಕೊಳ್ಳುವುದಕ್ಕೆ ಮೊದಲೇ ಅವುಗಳಿಗೆ ತಕ್ಕ ಸ್ಥಳವನ್ನೂ ವೇಳೆಯನ್ನೂ ಗೊತ್ತುಪಡಿಸಬೇಕೆಂಬುದೇ ನನ್ನ ವಿಜ್ಞಾಪನೆ.

ಈ ವಿಚಾರವು ನಮ್ಮ ಸೀಮೆಗೆ ಹೊಸದಲ್ಲ. 1953ರವರೆಗೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಬಳ್ಳಾರಿ ಜಿಲ್ಲೆಯೊಡನೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುವು. ಆ ಮದರಾಸಿನ ವಿಶ್ವವಿದ್ಯಾಲಯದ ಗ್ರಂಥಪಾಲರಾಗಿದ್ದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕಗಳು ಉಪಯೋಗಕ್ಕಾಗಿಯೇ ಇರತಕ್ಕವು ಎಂಬುದು ಅವುಗಳಲ್ಲಿ ಮೊದಲನೆಯದು. 1948ರಲ್ಲಿ ಮದರಾಸಿನಲ್ಲಿಯೂ 1965ರಲ್ಲಿ ನಮ್ಮ ರಾಜ್ಯದಲ್ಲಿಯೂ ಸಾರ್ವಜನಿಕ ಗ್ರಂಥಾಲಯಗಳ ಶಾಸನಗಳಾದುವು. ಆದರೆ ಶಾಲೆಯ ಕಪಾಟಿನ ಬೀಗವನ್ನು ಯಾವ ಶಾಸನವೂ ತಾನಾಗಿ ತೆಗೆಯಲಾರದು.

ಹಿಂದೆ ಯುರೋಪಿನಲ್ಲಿ ಕೈಬರೆಹದ ಗ್ರಂಥಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದರು. ಅಚ್ಚಿನ ಪುಸ್ತಕಗಳು ಅಗ್ಗವಾದ ಮೇಲೆ ಆ ಸರಪಳಿಯು ಕ್ರಮೇಣ ಕಳಚಿತು. ನಮ್ಮಲ್ಲಿ ಬೀಗವು ಉಳಿದಿರುವುದು ಉಪಾಧ್ಯಾಯರ ಉದಾಸೀನದಿಂದಲ್ಲ. ಪುಸ್ತಕ ಹರಿದರೆ, ಯಂತ್ರ ಕೆಟ್ಟರೆ ದಾಸ್ತಾನಿಗೆ ಉತ್ತರ ಹೇಳಬೇಕಾದವರು ಅವರೇ. ಓದಿದ ಪುಸ್ತಕವು ಸವೆಯುವುದು ಸಹಜ. ಆ ಸವೆತವನ್ನು ವರ್ಷದ ಖರ್ಚೆಂದು ಶಾಲಾ ಸಮಿತಿಯು ಮೊದಲೇ ಒಪ್ಪಿಕೊಂಡರೆ ಭಯವು ನೀಗುವುದು.

ಇನ್ನು ಕೊಠಡಿಯ ವಿಚಾರ. ಪುಸ್ತಕಕ್ಕೊಂದು, ಯಂತ್ರಕ್ಕೊಂದು ಕೋಣೆ ಬೇಡ. ಎರಡೂ ಒಂದೆಡೆಯಿದ್ದರೆ ಮಗುವು ಒಂದರಲ್ಲಿ ಹುಟ್ಟಿದ ಪ್ರಶ್ನೆಗೆ ಇನ್ನೊಂದರಲ್ಲಿ ಉತ್ತರವನ್ನು ಹುಡುಕುವುದು. ನಮ್ಮ ಬಿಸಿಲಿಗೂ ಧೂಳಿಗೂ ಉತ್ತರದ ಕಿಟಕಿಗಳು ಹಿತ. ಯಂತ್ರದ ಪರದೆಗೆ ಬೆಳಕು ಪಕ್ಕದಿಂದ ಬೀಳಬೇಕು, ಎದುರಿನಿಂದಲ್ಲ. ಕಪಾಟುಗಳು ಮಗುವಿನ ಕೈಗೆಟಕುವಷ್ಟೇ ಎತ್ತರವಾಗಿದ್ದು, ಗೆದ್ದಲು ಹತ್ತದಂತೆ ಗೋಡೆಯಿಂದ ಗೇಣುದ್ದ ದೂರವಿರಬೇಕು. ವಿದ್ಯುತ್ತಿನ ತಂತಿಯು ನೆಲದ ಮೇಲೆ ಹರಿದಾಡದೆ ಗೋಡೆಯ ಕೊಳವೆಯೊಳಗಿರಬೇಕು. ಕರೆಂಟು ಹೋದಾಗ ಬ್ಯಾಟರಿ ಬೇಕು. ಅಂತರ್ಜಾಲ ದೊರೆಯದಾಗ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಂಥ ಜ್ಞಾನಕೋಶವನ್ನು ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಯಂತ್ರದಲ್ಲಿಯೇ ಇರಿಸಿಕೊಂಡು ಓದಬಹುದು. ರಂಗನಾಥನ್ ಅವರ ಕಡೆಯ ಸೂತ್ರದಂತೆ ಗ್ರಂಥಾಲಯವು ಬೆಳೆಯತಕ್ಕದ್ದು. ಆದುದರಿಂದ ಒಂದು ಗೋಡೆಯನ್ನಾದರೂ ಬರಿದಾಗಿ ಬಿಟ್ಟಿರಬೇಕು.

ಸ್ಥಳವಿದ್ದರೂ ವೇಳೆಯಿಲ್ಲದಿದ್ದರೆ ಫಲವಿಲ್ಲ. ಪ್ರತಿ ತರಗತಿಗೂ ವಾರಕ್ಕೊಂದು ಅವಧಿಯನ್ನು ವೇಳಾಪಟ್ಟಿಯಲ್ಲಿಯೇ ನಮೂದಿಸಿ, ಶಾಲೆ ಬಿಟ್ಟ ಮೇಲೆಯೂ ಅರ್ಧ ಗಂಟೆ ಬಾಗಿಲು ತೆರೆದಿರಲಿ. ಪುಸ್ತಕ ಕೊಟ್ಟು ಕೊಳ್ಳುವ ಲೆಕ್ಕವನ್ನು ದೊಡ್ಡ ತರಗತಿಯ ಬಾಲಕ ಬಾಲಕಿಯರೇ ಬರೆಯಲಿ. ಅರಿವು ಕೇಂದ್ರವೆನಿಸಿರುವ ಗ್ರಾಮಪಂಚಾಯತಿ ಗ್ರಂಥಾಲಯದೊಡನೆ ಪುಸ್ತಕಗಳ ವಿನಿಮಯವಾಗಲಿ.

ಮಹಾಶಯರೇ, ಮನೆಯಲ್ಲಿ ಪುಸ್ತಕವಿಲ್ಲದ, ಇರುವ ಒಂದು ಮೊಬೈಲೂ ತಂದೆಯೊಡನೆ ಹೊಲಕ್ಕೆ ಹೋಗುವ ಮಗುವಿಗೆ ಈ ಕೊಠಡಿಯಲ್ಲದೆ ಬೇರೆ ಆಶ್ರಯವಿಲ್ಲ. ಇದಕ್ಕೆ ಬೀಗ ಬಿದ್ದರೆ ಉಳ್ಳವರ ಮಕ್ಕಳಿಗೆ ನಷ್ಟವಿಲ್ಲ. ಇಲ್ಲದವರ ಮಕ್ಕಳಿಗೆ ಆ ವಯಸ್ಸು ಮತ್ತೆ ಬಾರದು. ಆದಕಾರಣ ದಾನಿಗಳು ಒಮ್ಮೆ ಯಂತ್ರವನ್ನು ಕೊಟ್ಟು ನಿಲ್ಲದೆ, ವರ್ಷವರ್ಷದ ದುರಸ್ತಿಗೂ ಹೊಸ ಪುಸ್ತಕಗಳಿಗೂ ಸ್ವಲ್ಪ ಹಣವನ್ನು ಮೀಸಲಿಡಬೇಕೆಂದು ಪ್ರಾರ್ಥಿಸುವೆನು.