ಕೆರೆಯ ಹೂಳಿನಲ್ಲಿ ಹಳೆಯ ಮಳೆಯ ಲೆಕ್ಕ

ಮಳೆ ತಡವಾದ ವರ್ಷ ಯಾವ ಊರಿನ ಅರಳಿಕಟ್ಟೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. "ನಮ್ಮ ತಾತನ ಕಾಲದಲ್ಲಿ ಹೀಗಿರಲಿಲ್ಲ ಸ್ವಾಮಿ. ರೋಹಿಣಿ ಅಂದರೆ ರೋಹಿಣಿಗೇ ಹದ, ಆರಿದ್ರೆ ಅಂದರೆ ಆರಿದ್ರೆಗೇ ಬಿತ್ತನೆ. ಈಗ ಮಳೆಗೂ ನಂಬಿಕೆ ಹೋಯಿತು" ಅಂತ. 2023ರಲ್ಲಿ ಮಳೆ ಕೈಕೊಟ್ಟು, 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುತ್ತಮುತ್ತ ಕೊಳವೆಬಾವಿಗಳು ಒಂದರ ಹಿಂದೆ ಒಂದು ಬತ್ತಿದಾಗ ಈ ಮಾತನ್ನು ಆಡದವರೇ ಇರಲಿಲ್ಲ. ಮಾತು ನಿಜವೇ ಅಂತ ಇವತ್ತು ನೋಡೋಣ. ತಾತ ಕಂಡದ್ದು ಅರವತ್ತು ಎಪ್ಪತ್ತು ವರ್ಷ. ಅದಕ್ಕೂ ಹಿಂದೆ, ಮಳೆ ಅಳೆಯುವ ಪಾತ್ರೆಯೇ ಇಲ್ಲದಿದ್ದ ಕಾಲದಲ್ಲಿ, ಮಳೆ ಹೇಗಿತ್ತು ಅಂತ ಯಾರನ್ನು ಕೇಳುವುದು?

ಮೊದಲು ತಣಿಸಂದ್ರದ ಹೆಸರನ್ನೇ ಕೇಳೋಣ. ತಣಿಸಂದ್ರ, ಬೊಮ್ಮಸಂದ್ರ, ಸಿಂಗಸಂದ್ರ, ಹೀಗೆ ಬೆಂಗಳೂರಿನ ಸುತ್ತ ಸಂದ್ರಗಳು ಬೇಕಾದಷ್ಟಿವೆ. ಸಂದ್ರ ಅಂದರೆ ಸಮುದ್ರ. ಕಡಲು ಇಲ್ಲಿಂದ ನೂರೈವತ್ತು ಮೈಲಿಗೂ ಆಚೆ ಇದೆ. ದೊಡ್ಡ ಕೆರೆಯನ್ನೇ ನಮ್ಮ ಹಿಂದಿನವರು ಸಮುದ್ರ ಎಂದು ಕರೆದರು. ಇಂದು ತಣಿಸಂದ್ರ ಪಟ್ಟಣದೊಳಗೆ ಸೇರಿಹೋಗಿದೆ, ಹೊಲವಿದ್ದ ಕಡೆ ಮಹಡಿ ಮನೆಗಳು ಎದ್ದಿವೆ. ಆದರೂ ಸುತ್ತ ರಾಚೇನಹಳ್ಳಿ, ಜಕ್ಕೂರು, ನಾಗವಾರ, ಹೆಬ್ಬಾಳ ಎಂದು ಕೆರೆಗಳ ಸಾಲೇ ಇದೆ. ಬೆಂಗಳೂರಿನ ಇನ್ನೊಂದು ಮಗ್ಗುಲಲ್ಲಿ ಅಗರವೆಂಬ ಊರಿದೆಯಲ್ಲ, ಅಲ್ಲಿಯ ಗಂಗರ ಕಾಲದ ಶಾಸನ, ಸುಮಾರು 870ರದು, ಕೆರೆಗಳಿಗೆ ತೂಬು ಇಡಿಸಿದ ಮತ್ತು ಹೊಸ ಕೆರೆ ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಅಂದರೆ ಇಲ್ಲಿ ಮಣ್ಣು ಹೊತ್ತು ಏರಿ ಕಟ್ಟುವ ಕೆಲಸ ಸಾವಿರ ವರ್ಷಕ್ಕೂ ಹಳೆಯದು.

ಮಳೆ ಕಾಲಕಾಲಕ್ಕೆ ತಪ್ಪದೆ ಬರುತ್ತಿದ್ದರೆ ಅಷ್ಟು ಜನ ಅಷ್ಟು ಮಣ್ಣನ್ನು ಯಾಕೆ ಹೊರುತ್ತಿದ್ದರು? ಈ ಪ್ರಶ್ನೆ ಸರಿಯಾದದ್ದೇ. ಆದರೆ ನಿಮ್ಮಲ್ಲೊಬ್ಬರು ಎದ್ದು, "ಬರಕ್ಕೇ ಕಟ್ಟಿಸಿದರು ಅಂತ ಏನು ಗ್ಯಾರಂಟಿ? ಭತ್ತದ ಗದ್ದೆ ಮಾಡುವ ಆಸೆಗೂ ಕಟ್ಟಿಸಿರಬಹುದು, ಪುಣ್ಯಕ್ಕೂ ಕಟ್ಟಿಸಿರಬಹುದು" ಅಂದರೆ ನನ್ನ ಬಾಯಿ ಕಟ್ಟುತ್ತದೆ. ಕಾರ್ಯವನ್ನು ನೋಡಿ ಕಾರಣವನ್ನು ಹೇಳುವಾಗ ಈ ತೊಡಕು ಯಾವಾಗಲೂ ಉಂಟು.

ಈ ತೊಡಕನ್ನು ನಮ್ಮ ದೇಶದ ನ್ಯಾಯಶಾಸ್ತ್ರದವರು ಬಹಳ ಹಿಂದೆಯೇ ಚರ್ಚೆ ಮಾಡಿದ್ದಾರೆ. ನ್ಯಾಯಶಾಸ್ತ್ರ ಅಂದರೆ ಕೋರ್ಟು ಕಚೇರಿಯದಲ್ಲ. ಯಾವ ತಿಳಿವನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂದು ವಿಚಾರ ಮಾಡುವ ದರ್ಶನ. ಗೌತಮನ ಸೂತ್ರಗಳು, ಅದಕ್ಕೆ ವಾತ್ಸ್ಯಾಯನನ ಭಾಷ್ಯ. ಕುತೂಹಲದ ಸಂಗತಿ ಏನೆಂದರೆ, ಆ ಪಂಡಿತರು ಕೊಡುವ ಉದಾಹರಣೆಗಳು ರೈತನ ಮನೆಯವೇ. ಮೋಡ ಕವಿದದ್ದು ನೋಡಿ ಮಳೆ ಬರುತ್ತದೆ ಅನ್ನುವುದು ಒಂದು ಬಗೆಯ ಅನುಮಾನ. ಹೊಳೆ ಉಕ್ಕಿದ್ದು ನೋಡಿ ಮೇಲುಗಡೆ ಮಳೆ ಆಗಿದೆ ಅನ್ನುವುದು ಇನ್ನೊಂದು ಬಗೆ. ಇಲ್ಲಿ ಅನುಮಾನ ಅಂದರೆ ಸಂಶಯವಲ್ಲ, ಗುರುತು ಹಿಡಿದು ತಿಳಿಯುವುದು ಅಂತ ಅರ್ಥ.

ಅದಕ್ಕೆ ಎದುರು ಪಕ್ಷದವನು ಆಕ್ಷೇಪ ಎತ್ತುತ್ತಾನೆ. ಹೊಳೆಗೆ ಎಲ್ಲೋ ಅಡ್ಡಗಟ್ಟಿದರೂ ನೀರು ಏರುತ್ತದೆ. ಇರುವೆ ಮೊಟ್ಟೆ ಹೊತ್ತು ಹೊರಟರೆ ಮಳೆ ಅನ್ನುತ್ತೀರಿ, ಗೂಡು ಕೆಡಿಸಿದರೂ ಅವು ಹಾಗೇ ಹೊರಡುತ್ತವೆ. ನವಿಲು ಕೂಗಿತು ಅನ್ನುತ್ತೀರಿ, ಮನುಷ್ಯನೂ ನವಿಲಿನಂತೆ ಕೂಗಬಲ್ಲ. ಹಾಗಾದರೆ ನಿಮ್ಮ ಅನುಮಾನವನ್ನು ನಂಬುವುದು ಹೇಗೆ? ಭಾಷ್ಯಕಾರನ ಉತ್ತರ ಇದು: ಬರಿಯ ನೀರಿನ ಏರಿಕೆ ನೋಡಬೇಡ. ಮಳೆಯ ಪ್ರವಾಹಕ್ಕೆ ಸೆಳವು ಹೆಚ್ಚು, ನೊರೆ ಇರುತ್ತದೆ, ಎಲೆ, ಕಾಯಿ, ಕಟ್ಟಿಗೆ ತೇಲಿ ಬರುತ್ತವೆ. ಅಡ್ಡಗಟ್ಟಿದ ನೀರಿನಲ್ಲಿ ಇವಿಲ್ಲ. ಗುರುತನ್ನು ಪೂರ್ತಿ ನೋಡದೆ ಹೇಳಿದರೆ ತಪ್ಪು ನೋಡಿದವನದು, ಅನುಮಾನದ್ದಲ್ಲ.

ಇದು ಹಳೆಯ ಗ್ರಂಥದ ಮಾತಾಯಿತು ಅನ್ನಬೇಡಿ. ಇಂದು ಚಿಕ್ಕಬಳ್ಳಾಪುರದ ಕಡೆ ನಡುಬೇಸಿಗೆಯಲ್ಲಿ ಒಂದು ಕೆರೆ ತುಂಬಿ ನಿಂತಿದ್ದರೆ ಅಲ್ಲಿ ಮಳೆ ಹೊಡೆದಿದೆ ಎಂದು ಹೇಳಲಾಗದು. ಹೆಬ್ಬಾಳ-ನಾಗವಾರ ಕಣಿವೆಯಿಂದ, ಅಂದರೆ ಈ ತಣಿಸಂದ್ರದ ಮಗ್ಗುಲಿನಿಂದಲೇ, ಪಟ್ಟಣದ ಕೊಳಚೆಯನ್ನು ಶುದ್ಧ ಮಾಡಿ ಕೊಳವೆಯಲ್ಲಿ ಅಲ್ಲಿಯ ಕೆರೆಗಳಿಗೆ ತುಂಬಿಸುತ್ತಾರೆ. ಕೆರೆ ತುಂಬಿದ್ದು ನಿಜ, ಮಳೆ ಬಂದದ್ದು ಸುಳ್ಳು!

ಈಗ ಹಳೆಯ ಮಳೆಯನ್ನು ಹುಡುಕುವವರ ಕೆಲಸಕ್ಕೆ ಬರೋಣ. ಅವರು ಮಾಡುವುದೂ ಇದನ್ನೇ. ಚಿತ್ರದುರ್ಗದಲ್ಲಿ ತಿಮ್ಮಣ್ಣನಾಯಕನ ಕೆರೆ ಇದೆ. ಮಂಗಳೂರು ವಿಶ್ವವಿದ್ಯಾನಿಲಯದ ಭೂವಿಜ್ಞಾನಿಗಳು ಅದರ ಹೂಳನ್ನು ಪದರಪದರವಾಗಿ ಪರೀಕ್ಷಿಸಿ, ಸುಮಾರು 3700 ವರ್ಷಗಳ ಮಳೆಯ ಏರಿಳಿತವನ್ನು ಓದಿ 2006ರಲ್ಲಿ ಪ್ರಕಟಿಸಿದರು. ಹೇಗೆ ಓದಿದರು? ಮಳೆ ಚೆನ್ನಾಗಿರುವ ಕಾಲದಲ್ಲಿ ಸುತ್ತಿನ ನೆಲದ ಮಣ್ಣಿನಲ್ಲಿ ಅಯಸ್ಕಾಂತಕ್ಕೆ ಸಿಕ್ಕುವ ಕಬ್ಬಿಣದ ಸಣ್ಣ ಕಣಗಳು ಹೆಚ್ಚು ಹುಟ್ಟುತ್ತವೆ, ಹಳ್ಳದ ನೀರಿನೊಡನೆ ಕೆರೆಗೆ ಬಂದು ತಳದಲ್ಲಿ ಕೂರುತ್ತವೆ. ಒಣ ಕಾಲದ ಪದರದಲ್ಲಿ ಅವು ಕಡಿಮೆ. ಪದರದ ವಯಸ್ಸನ್ನು ಅದರಲ್ಲಿ ಸಿಕ್ಕಿದ ಇಂಗಾಲದಿಂದ ಎಣಿಸುತ್ತಾರೆ. ಕಬ್ಬಿಣದ ಕಣ ಬೇರೆ ಕಾರಣದಿಂದಲೂ ಬಂದಿರಬಹುದಲ್ಲ ಎಂಬ ಪ್ರಶ್ನೆಯನ್ನು ಅವರೂ ಹಾಕಿಕೊಳ್ಳುತ್ತಾರೆ. ಅದನ್ನು ಬೇರೆ ಪರೀಕ್ಷೆಗಳಿಂದ ಸೋಸಿಯೇ ಮುಂದೆ ಹೋಗುತ್ತಾರೆ. ನೊರೆ ಇದೆಯೇ, ಕಟ್ಟಿಗೆ ತೇಲುತ್ತಿದೆಯೇ ಎಂದು ನೋಡಿದ ಹಾಗೆ.

ನಾವು ಬೇಸಿಗೆಯಲ್ಲಿ ಹೂಳು ತೆಗೆದು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತೇವಲ್ಲ, ಅವರ ಲೆಕ್ಕದ ಪುಸ್ತಕದ ಹಾಳೆ ಹರಿದಂತೆಯೇ ಅದು. ಅವರಿಗಾಗಿ ಹೂಳು ಬಿಡಿ ಎಂದು ನಾನಂತೂ ಹೇಳಲಾರೆ. ಕೆರೆಗೋಡು ಹೊಲದಲ್ಲಿ ಬಿದ್ದರೇ ಚೆನ್ನ.

ಎರಡನೆಯ ಸಾಕ್ಷಿ ಗವಿಯೊಳಗಿನದು. ಉತ್ತರ ಕನ್ನಡದ ಆಕಳಗವಿಯಲ್ಲಿ ಮೇಲಿಂದ ತೊಟ್ಟಿಕ್ಕುವ ನೀರಿನ ಸುಣ್ಣ ಗಟ್ಟಿಯಾಗಿ ನೆಲದಿಂದ ಕಂಬದಂತೆ ಬೆಳೆದಿತ್ತು. ವರ್ಷಕ್ಕೊಂದು ಪದರ. ಅಹಮದಾಬಾದಿನ ಭೌತ ಸಂಶೋಧನಾಲಯದವರು ಅದರಲ್ಲಿ 331 ವರ್ಷಗಳ ಮಳೆಯ ಗುರುತನ್ನು ಓದಿದ್ದನ್ನು 2004ರಲ್ಲಿ ಪ್ರಕಟಿಸಿದರು. ಮಳೆನೀರಿನ ಆಮ್ಲಜನಕದಲ್ಲಿ ಹಗುರದ್ದು, ಭಾರದ್ದು ಎಂದು ಬಗೆಗಳಿವೆ. ಮಳೆ ಜೋರಾದ ವರ್ಷ ಭಾರದ್ದರ ಪಾಲು ಇಳಿಯುತ್ತದೆ, ಸುಣ್ಣದ ಪದರ ಅದನ್ನು ಹಿಡಿದಿಟ್ಟಿರುತ್ತದೆ. ಮೂರನೆಯದು ತೇಗದ ಮರ. ಕೊಯ್ದ ದಿಮ್ಮಿಯಲ್ಲಿ ಉಂಗುರಗಳನ್ನು ನೀವೇ ನೋಡಿದ್ದೀರಿ. ನೀರು ಕಂಡ ವರ್ಷ ಉಂಗುರ ಅಗಲ, ಬರದ ವರ್ಷ ಕಿರಿದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಕೇರಳದ ತೇಗದಲ್ಲಿ 523 ವರ್ಷಗಳ ಉಂಗುರ ಎಣಿಸಿದ್ದಾರೆ.

ಈ ಮೂಕ ಸಾಕ್ಷಿಗಳನ್ನು ಚರಿತ್ರೆಯ ಪಕ್ಕದಲ್ಲಿಟ್ಟು ನೋಡಬೇಕು. ಬರೆದಿಟ್ಟ ಚರಿತ್ರೆ ಕ್ಷಾಮವನ್ನು ಹೇಳುತ್ತದೆ. ಕ್ಷಾಮಕ್ಕೆ ಮಳೆಯೊಂದೇ ಕಾರಣವಲ್ಲ. 1791-92ರಲ್ಲಿ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಡೋಗಿ ಬರ ಬಂತು. ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಆ ಹೆಸರು. ಅದೇ ಹೊತ್ತಿನಲ್ಲಿ ದೇಶದಲ್ಲೆಲ್ಲ ದಂಡು ಓಡಾಡುತ್ತಿತ್ತು; 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿಯಿತು. ಜನ ಸತ್ತದ್ದು ದಂಡಿನಿಂದಲೋ ಮಳೆ ಇಲ್ಲದೆಯೋ? ಏಷ್ಯಾದ ನೂರಾರು ಕಡೆಯ ಮರದ ಉಂಗುರಗಳನ್ನು ಕೂಡಿಸಿ 2010ರಲ್ಲಿ ಮಾಡಿದ ಬರದ ನಕಾಶೆಯಲ್ಲಿ 1790ರಿಂದ 1796ರವರೆಗೆ ಒಣ ವರ್ಷಗಳು ಕಾಣುತ್ತವೆ. ಹಾಗಾದರೆ ಎರಡೂ ಸೇರಿಯೇ ಕೊಂದವು. ಇದಕ್ಕೂ ಹಿಂದೆ, 1396ರಿಂದ ದಖ್ಖನಿನಲ್ಲಿ ದುರ್ಗಾದೇವಿ ಬರ ಎಂಬುದು ಹನ್ನೆರಡು ವರ್ಷ ನಡೆಯಿತೆಂದು ಹೇಳುವರು. ಹನ್ನೆರಡು ವರ್ಷ ಅಂದರೆ ಕಥೆ ಅನ್ನಿಸುತ್ತದೆ. ಆದರೆ ಛತ್ತೀಸಗಢದ ದಂಡಕ ಗವಿಯ ಸುಣ್ಣದ ಕಂಬವೂ 14ನೇ ಶತಮಾನದ ನಡುವಿನಿಂದ 15ನೇ ಶತಮಾನದ ಆರಂಭದ ತನಕ ಮುಂಗಾರು ಮತ್ತೆಮತ್ತೆ ಸೊರಗಿದ್ದನ್ನು ತೋರಿಸುತ್ತದೆ.

ನಮ್ಮ ಮೈಸೂರು ಸೀಮೆಯ ದೊಡ್ಡ ಬರ ನಿಮ್ಮ ಮನೆಗಳಲ್ಲಿ ಕೇಳಿದ್ದೇ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರ ತನಕ. 1875ರಲ್ಲಿ ಮಳೆ ಅರೆಬರೆ. ಜನ ಹಗೇವು ತೆಗೆದು ಉಂಡರು, ತಡೆದುಕೊಂಡರು. 1876ರಲ್ಲಿ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು. 1877ರಲ್ಲಿ ಮಳೆ ಹಿಡಿಯುವ ಹೊತ್ತಿಗೆ ಸೆಪ್ಟೆಂಬರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50,55,412, 1881ರಲ್ಲಿ 41,86,188. ಹುಟ್ಟಿದವರನ್ನು ಸೇರಿಸಿಕೊಂಡೂ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಜನ ಇಲ್ಲ. ಕೊಂದದ್ದು ಮೊದಲನೆಯ ವರ್ಷವಲ್ಲ ಎಂಬುದನ್ನು ಗಮನಿಸಿ. ಒಂದರ ಬೆನ್ನಿಗೆ ಇನ್ನೊಂದು ಕೆಟ್ಟ ವರ್ಷ ಬಂದದ್ದು ಕೊಂದಿತು. ಹೂಳು, ಗವಿ, ತೇಗ ಇವು ಮತ್ತೆಮತ್ತೆ ಹೇಳುವುದೂ ಇದೇ ಸಂಗತಿ: ಬರ ಜೋಡಿಯಾಗಿ, ಕೆಲವು ಸಲ ಗುಂಪಾಗಿ ಬರುತ್ತದೆ.

ಆದ್ದರಿಂದ ತಾತನ ಕಾಲದಲ್ಲಿ ಮಳೆ ನೇಮಕ್ಕೆ ಬರುತ್ತಿತ್ತು ಎಂಬುದನ್ನು ಪೂರ್ತಿ ಒಪ್ಪಲಾಗುವುದಿಲ್ಲ. ಒಳ್ಳೆಯ ವರ್ಷಗಳು ನೆನಪಿನಲ್ಲಿ ಉಳಿದವು, ಅಷ್ಟೆ. ಹಾಗೆಂದು ಹಿಂದೆಯೂ ಬರವಿತ್ತು, ಈಗೇನೂ ಹೊಸದಿಲ್ಲ ಅನ್ನುವವರ ಮಾತೂ ಸರಿಯಲ್ಲ. ಈಗ ಭೂಮಿ ಬಿಸಿಯಾಗುತ್ತಿರುವುದು ಮನುಷ್ಯ ಸುಟ್ಟ ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ. ಅಷ್ಟೇ ಮಳೆ ಬಿದ್ದರೂ ಬಿಸಿ ಹೆಚ್ಚಾದರೆ ನೆಲದ ತೇವ ಬೇಗ ಆರುತ್ತದೆ.

ಇದರಿಂದ ಬೇಸಾಯದ ಮನೆಗೆ ಏನು? ಒಂದು ವರ್ಷಕ್ಕಲ್ಲ, ಎರಡು ವರ್ಷಕ್ಕೆ ಲೆಕ್ಕ ಹಾಕಿ. ನಮ್ಮ ಅದೃಷ್ಟಕ್ಕೆ ರಾಗಿ ವರ್ಷಗಟ್ಟಲೆ ಕೆಡದ ಧಾನ್ಯ. ಹಗೇವು ಹೋಗಿ ಎಷ್ಟೋ ಕಾಲವಾಯಿತು, ಚೀಲವಾದರೂ ಇದೆಯಲ್ಲ. ಹೊಸ ರಾಗಿ ಮನೆಗೆ ಬಂದ ಮೇಲೆ ಹಳೆಯದನ್ನು ಮಾರುವುದು, ಅದಕ್ಕೆ ಮೊದಲು ಬೇಡ. ಬಿತ್ತನೆಯದನ್ನು ಬೇರೆ ಕಟ್ಟಿಡಿ, ತಾಯಂದಿರ ಕೈಯಲ್ಲಿದ್ದರೆ ಅದು ಉಳಿಯುತ್ತದೆ. ಕೆರೆಗೆ ನೀರು ತರುವ ಕಾಲುವೆಯನ್ನು ಬೇಸಿಗೆಯಲ್ಲೇ ಬಿಡಿಸಿ. ಏರಿ ಎಷ್ಟು ಗಟ್ಟಿಯಾದರೂ ನೀರು ಬರುವ ದಾರಿ ಕಟ್ಟಿದ ಕೆರೆ ಬರಿಯ ಬಯಲು.

ಇನ್ನೊಂದು ಕೆಲಸ, ಖರ್ಚಿಲ್ಲದ್ದು. ಮಳೆಯ ಚಿಹ್ನೆಗಳನ್ನು ಹೇಳುವ ಗ್ರಂಥಗಳು ಕನ್ನಡದಲ್ಲಿ ಹಳೆಯ ಕಾಲದಿಂದಲೂ ಇವೆ. ಚಾವುಂಡರಾಯನ ಲೋಕೋಪಕಾರ ಸುಮಾರು 1025ರದು, ರಟ್ಟಕವಿಯ ರಟ್ಟಮತ ಸುಮಾರು 1300ರದು. ಗೌರವಿಸತಕ್ಕವೇ. ಆದರೆ ಯಾವ ಊರಲ್ಲಿ ಯಾವ ವರ್ಷ ಎಷ್ಟು ಮಳೆ ಬಿತ್ತು ಎಂಬ ಲೆಕ್ಕ ಅವುಗಳಲ್ಲಿಲ್ಲ. ಅಳೆಯುವ ಮಾತು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ: ಉಗ್ರಾಣದಲ್ಲಿ ಒಂದು ಮೊಳ ಬಾಯಗಲದ ಕುಂಡವನ್ನು ಮಳೆ ಅಳೆಯಲು ಇಡಬೇಕೆಂದು ಹೇಳಿದೆ. ಅದನ್ನೇ ನಾವು ಮಾಡೋಣ. ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬವನ್ನು ಮರ, ಮಾಡು ಇಲ್ಲದ ಬಯಲಿನಲ್ಲಿ ಗಾಳಿಗೆ ಉರುಳದಂತೆ ಗೂಟ ಹೊಡೆದು ನಿಲ್ಲಿಸಿ. ದಿನಾ ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಶಾಲೆಯ ಅಳತೆಪಟ್ಟಿ ಇಳಿಸಿ ನೋಡಿ. ನೀರು ಎಷ್ಟು ಮಿಲಿಮೀಟರ್ ನಿಂತಿದೆಯೋ ಅಷ್ಟು ಮಳೆ. ತಾರೀಖು, ಮಳೆಯ ನಕ್ಷತ್ರ, ಅಳತೆ, ಮೂರನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದು ನೀರು ಚೆಲ್ಲಿ, ಡಬ್ಬವನ್ನು ಅಲ್ಲೇ ಇಡಿ. ಮಳೆ ಬಾರದ ದಿನ ಸೊನ್ನೆ ಬರೆಯುವುದನ್ನು ಮರೆಯಬೇಡಿ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನೋಡಲಿಲ್ಲವೋ ಅಂತ ಮುಂದೆ ಓದುವ ನಿಮ್ಮ ಮೊಮ್ಮಕ್ಕಳಿಗೆ ಗೊತ್ತಾಗುವುದಿಲ್ಲ.