ಯಾರ್ಕ್‌ಟೌನ್‌ನಿಂದ ಕನ್ನಂಬಾಡಿಗೆ

1781ರ ಅಕ್ಟೋಬರ್ 19ರಂದು ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಜಾರ್ಜ್ ವಾಷಿಂಗ್ಟನ್ನರ ಮುಂದೆ ಸೋತ. ಮೈಗೆ ಹುಷಾರಿಲ್ಲವೆಂದು ಹೇಳಿ, ಶರಣಾಗತಿಯ ಕತ್ತಿ ಒಪ್ಪಿಸಲು ಕೈಕೆಳಗಿನ ಅಧಿಕಾರಿಯನ್ನು ಕಳಿಸಿದ. ಮರುವರ್ಷ ಪೆನ್ಸಿಲ್ವೇನಿಯಾದವರ 'ಹೈದರ್ ಅಲಿ' ಎಂಬ ಹಡಗು ಬ್ರಿಟಿಷರ ಯುದ್ಧನೌಕೆಯೊಂದನ್ನು ಸೆರೆಹಿಡಿಯಿತು. ಬ್ರಿಟಿಷರ ವಿರುದ್ಧ ಹೋರಾಡಿದ ನಮ್ಮ ಮೈಸೂರಿನ ಹೈದರ್ ಅಲಿಯ ಹೆಸರು ಅಷ್ಟು ದೂರ ಮುಟ್ಟಿತ್ತು.

ಅದೇ ಕಾರ್ನ್‌ವಾಲಿಸ್ 1791ರಲ್ಲಿ ಹೈದರನ ಮಗ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ. ಮಳೆ ಹಿಡಿಯಿತು, ದವಸ ಮುಗಿಯಿತು, ಎಳೆಯುವ ಎತ್ತುಗಳು ಸತ್ತವು. ಕನ್ನಂಬಾಡಿಯ ಬಳಿ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. 1792ರಲ್ಲಿ ಮತ್ತೆ ಬಂದು ಗೆದ್ದ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು.

ಸಿಂಧಘಟ್ಟದ ಮಕ್ಕಳೇ, ನಮ್ಮ ಸೀಮೆಯ ಚರಿತ್ರೆ ಜಗತ್ತಿನ ಚರಿತ್ರೆಯದೇ ಭಾಗ. ಅಭಿಮಾನದಿಂದ ಓದಿ.